ಉಡಿ ತುಂಬದೆ ಕಳಿಸಿದೆ

ನನ್ನ ಮಗಳು ಪದ್ಮ ಹೊದ್ದು ಬೆಳೆದ ಕಂಬಳಿ ನನ್ನ ತವರಿನಿಂದ ಬಂದದ್ದಲ್ಲ. ಬಂದದ್ದು ಎಂದು ನಾನು ಹೇಳಿದೆ. ಮನೆ ತುಂಬ ಮಂದಿ ಕೂತಿದ್ದಾಗ, ಅದನ್ನು ಕೊಟ್ಟವಳು ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಾಗ, ಹೇಳಿದೆ. ಹತ್ತು ವರ್ಷವಾಗುತ್ತ ಬಂತು. ನನ್ನ ಗಂಡನಿಗೂ ಅಣ್ಣನಿಗೂ ಗೊತ್ತು, ಇಬ್ಬರೂ ನುಂಗಿಕೊಂಡರು. ನಾನಂತೂ ತುಟಿ ಬಿಚ್ಚಲಿಲ್ಲ.

ಆಕೆಯ ಹೆಸರು ಹನುಮವ್ವ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡ ದೇವದುರ್ಗದಲ್ಲಿ ಮೇಷ್ಟರು. ನಮ್ಮ ಬಾಡಿಗೆ ಮನೆಯ ಹಿಂದಿನ ಓಣಿಯಲ್ಲಿ ಆಕೆಯ ಮನೆ. ಕುರಿ ಸಾಕುವವರು, ಆಕೆ ಉಣ್ಣೆ ನೂಲುತ್ತಿದ್ದಳು, ಗಂಡ ಕಂಬಳಿ ನೇಯುತ್ತಿದ್ದ. ಚೊಚ್ಚಲ ಹೆರಿಗೆಗೆ ಎಲ್ಲರೂ ತವರಿಗೆ ಹೋಗುತ್ತಾರೆ, ನನಗೆ ಹೋಗಲು ಆಗಲಿಲ್ಲ. ಮಾನ್ವಿಯಲ್ಲಿ ನನ್ನ ತಾಯಿ ತೀರಿಹೋಗಿದ್ದಳು. ಗುಡಿಯ ಪೂಜೆ ನೆಚ್ಚಿಕೊಂಡಿದ್ದ ಅಣ್ಣನ ಸಂಸಾರಕ್ಕೇ ಎರಡು ಹೊತ್ತಿನ ಊಟ ಕಷ್ಟವಿತ್ತು. ರಾಯಚೂರಿನ ಅತ್ತೆಯವರು, "ಬಾಣಂತನ ತವರಿನವರದು" ಎಂದು ಸುಮ್ಮನಾದರು.

ಕೊನೆಗೆ ನನ್ನ ಬಾಣಂತನ ಮಾಡಿದವಳು ಹನುಮವ್ವ. ನಾನು ಕರೆಯಲಿಲ್ಲ, ತಾನೇ ಬಂದಳು. ಹಂಡೆಗೆ ಉರಿ ಹಾಕಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆದಳು. ಅಡಿಗೆ ಮನೆಯ ಹೊಸ್ತಿಲು ಮಾತ್ರ ದಾಟಲಿಲ್ಲ. ನಮ್ಮ ಮಡಿಯನ್ನು ನನಗಿಂತ ಹೆಚ್ಚು ಆಕೆಯೇ ಕಾಯ್ದಳು. ಚಳಿ ಶುರುವಾದಾಗ ಒಂದು ಬೆಳಿಗ್ಗೆ ಸೆರಗಿನಲ್ಲಿ ಮುಚ್ಚಿ ತಂದು ಕೂಸಿನ ಮೇಲೆ ಹೊದಿಸಿದಳು — ಪುಟ್ಟ ಕರಿ ಕಂಬಳಿ, ಮೂಲೆಯಲ್ಲಿ ದೃಷ್ಟಿಗೆಂದು ಒಂದು ಕೆಂಪು ದಾರ.

"ಕುರಿಮರಿ ಉಣ್ಣಿ ಅದರೀ ಅಕ್ಕಾರ, ಚುಚ್ಚೂದಿಲ್ಲ" ಎಂದಳು.

ಆವತ್ತೂ ನಾನು ಏನೂ ಹೇಳಲಿಲ್ಲ. ಕೊಟ್ಟವರಿಗೆ ಬಾಯಲ್ಲಿ ಉಪಕಾರ ಹೇಳುವ ರೂಢಿ ನಮ್ಮ ಕಡೆ ಇಲ್ಲ; ಹೇಳಿದರೆ "ನಾವೇನು ಹೊರಗಿನವರೇನು" ಎಂದು ಅವರೇ ಮುನಿಸಿಕೊಂಡಾರು. ನಾವು ಉಡಿ ತುಂಬುತ್ತೇವೆ. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ, ಅರಿಶಿನ ಕುಂಕುಮ — ಸೆರಗೊಡ್ಡಿದವಳ ಮಡಿಲಿಗೆ ಹಾಕುತ್ತೇವೆ. ನೀನು ನಮ್ಮವಳು, ನೀನು ಮಾಡಿದ್ದು ನೆನಪಿದೆ ಎನ್ನುವುದೆಲ್ಲ ಅದರಲ್ಲಿ ಬಂತು. "ರಾಯಚೂರಾಗ ತೊಟ್ಟಿಲ ಕಾರ್ಯ ಅದ, ನೀ ಬರಬೇಕು ಹನುಮವ್ವ. ಉಡಿ ತುಂಬಿ ಕಳಸ್ತೀನಿ" ಎಂದೆ. ಕರೆದವಳು ನಾನೇ.

ಆ ದಿನ ಅತ್ತೆಯವರ ಮನೆಯ ಪಡಸಾಲೆಯಲ್ಲಿ ಆಯೇರಿ ನಡೆದಿತ್ತು. ಬಂದವರ ಉಡುಗೊರೆಗಳನ್ನು ಒಂದೊಂದಾಗಿ ಎತ್ತಿ ಹಿಡಿದು, ಯಾರದೆಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಾರೆ. ಕೂಗುತ್ತಿದ್ದವರು ಅತ್ತೆಯವರ ತಂಗಿ, ನಮ್ಮ ಚಿಕ್ಕತ್ತೆ. ಬೆಳ್ಳಿ ಬಟ್ಟಲು ಬಂತು, ರೇಷ್ಮೆ ಕುಂಚಿಗೆ ಬಂತು. ಅಣ್ಣ ಕಂಬದ ಬದಿಗೆ ಮುದುಡಿ ಕೂತಿದ್ದ. ಆತ ತಂದದ್ದು ಗುಡಿಯ ಮಂತ್ರಾಕ್ಷತೆ ಮತ್ತು ಒಂದು ಕಣ. "ತವರಿಂದ ಏನೂ ಕಾಣವಲ್ದಲ್ಲ?" — ಅತ್ತೆಯವರು ಕೇಳಿದ್ದು ಸಣ್ಣ ದನಿಯಲ್ಲಿ, ಆದರೆ ಎಲ್ಲರ ಕಿವಿಗೂ ಬೀಳುವಂಥ ಸಣ್ಣ ದನಿ.

ಚಿಕ್ಕತ್ತೆ ತೊಟ್ಟಿಲಿನಿಂದ ಕಂಬಳಿ ಎತ್ತಿಕೊಂಡು ಕೈಯಾಡಿಸಿದರು. "ಭಾಳ ಮೆತ್ತಗದ. ಉಣ್ಣಿ, ಮಡಿಗೂ ನಡೀತದ. ಯಾರದಿದು?"

"ನಮ್ಮ ತವರಿನದು" ಎಂದೆ.

ಬಾಯಿಂದ ಜಾರಿತು ಎನ್ನಲಾರೆ. ಜಾರಲಿಲ್ಲ — ಆಡಿದೆ. ಅಣ್ಣ ತಲೆ ತಗ್ಗಿಸಿದ. "ಸೋದರಮಾವನ ಆಯೇರಿ, ಕಂಬಳಿ" ಎಂದು ಚಿಕ್ಕತ್ತೆ ಕೂಗಿದರು. ಅತ್ತೆಯವರು ಅಷ್ಟಕ್ಕೆ ಬಿಡುವವರಲ್ಲ. ಅಣ್ಣನ ಕಡೆ ತಿರುಗಿ, "ಇಂಥಾದ್ದು ಮಾನ್ವಿಯೊಳಗ ಎಲ್ಲಿ ಸಿಗ್ತದ? ಎಲ್ಲಿ ನೇಯಿಸಿದ್ರಿ?" ಎಂದರು.

ಅಣ್ಣ ಸುಳ್ಳು ಆಡಿ ಗೊತ್ತಿಲ್ಲದ ಪ್ರಾಣಿ. ಪಡಸಾಲೆಯಲ್ಲಿ ಎಲ್ಲರೂ ಆತನನ್ನೇ ನೋಡುತ್ತಿದ್ದರು. ಮುಗಿಯಿತು, ಇನ್ನು ಈ ಮನೆಯಲ್ಲಿ ನಾನು ತಲೆಯೆತ್ತುವ ಹಾಗಿಲ್ಲ — ಎಂದುಕೊಂಡು ಬಾಗಿಲ ಕಡೆ ನೋಡಿದೆ. ಹೊಸ್ತಿಲಲ್ಲಿ ಹನುಮವ್ವ ನಿಂತಿದ್ದಳು. ತಲೆ ತುಂಬ ಸೆರಗು ಹೊದ್ದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆಕೆ ಒಂದು ಮಾತು ಆಡಿದ್ದರೆ ಸಾಕಿತ್ತು.

ಆಡಿದಳು. "ನಮ್ಮ ಮಗ್ಗದಾಗ ನೇಯಿಸ್ಯಾರ್ರೀ ಅವರು. ದೇವದುರ್ಗಕ್ಕ ಬಂದು ಹೇಳಿ ಹೋಗಿದ್ರು."

ಅತ್ತೆಯವರು ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮತ್ತ ಈಗ್ಯಾಕ ಬಂದಿ? ಮಜೂರಿ ಮುಟ್ಟಿಲ್ಲೇನು?"

ಹನುಮವ್ವ ನನ್ನ ಕಡೆ ನೋಡಿದಳು. ಆಗಲಾದರೂ ಹೇಳಬಹುದಿತ್ತು — ಆಕಿ ನನ್ನ ಬಾಣಂತನ ಮಾಡ್ಯಾಳ, ನಾನೇ ಕರದೀನಿ ಅಂತ, ಅಷ್ಟಾದರೂ... ತೊಟ್ಟಿಲ ಕಡೆ ತಿರುಗಿಕೊಂಡೆ.

"ಮುಟ್ಟ್ಯಾದ್ರೀ" ಎಂದಳು. "ಕೂಸಿನ್ನ ನೋಡಿ ಹೋಗಾಮಂತ ಬಂದೆ."

ಆಮೇಲೆ, ಬಂದಿದ್ದ ಮುತ್ತೈದೆಯರಿಗೆಲ್ಲ ಉಡಿ ತುಂಬಿದೆವು. ಅಕ್ಕಿಯ ತಾಟು ನನ್ನ ಕೈಯಲ್ಲೇ ಇತ್ತು. ಹನುಮವ್ವ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಮಜೂರಿ ಪಡೆದವಳಿಗೆ ಉಡಿ ಯಾಕೆ ಎಂದು ಯಾರಾದರೂ ಕೇಳಿಯಾರು, ಕೇಳಿದರೆ ಮತ್ತೆ ಕಂಬಳಿಯ ಮಾತು ಎದ್ದೀತು — ಆ ಅಂಜಿಕೆಗೆ ತಾಟು ಹಿಡಿದುಕೊಂಡೇ ಆಕೆಯ ಮುಂದಿನಿಂದ ಹಾದುಹೋದೆ. ಕುಂಕುಮ ಸಹ ಹಚ್ಚಲಿಲ್ಲ. ದೇವದುರ್ಗದ ಬಸ್ಸಿಗೆ ಹೊತ್ತಾಯಿತೆಂದು ಆಕೆ ಎದ್ದಳು. "ಬರ್ತೀನ್ರೀ ಅಕ್ಕಾರ" ಎಂದು ನನಗೇ ಹೇಳಿ ಹೋದಳು.

ದೇವದುರ್ಗಕ್ಕೆ ಮರಳಿದ ಮೇಲೆ ಹಿಂದಿನ ಓಣಿಯಲ್ಲಿ ಕಾಲಿಡುವುದನ್ನೇ ಬಿಟ್ಟೆ. ಎದುರಾದರೆ ಕೂಸು ಹೇಗಿದೆ ಎಂದಷ್ಟೇ ಕೇಳುತ್ತಿದ್ದಳು. ಬೈದಿದ್ದರೆ ಬದುಕುತ್ತಿದ್ದೆ. ಗಂಡನಿಗೆ ರಾಯಚೂರಿಗೆ ವರ್ಗವಾದಾಗ ಪೀಡೆ ಕಳೆಯಿತೆಂದು ಒಳಗೊಳಗೇ ಸಂತೋಷಪಟ್ಟೆ. ಎಂಥ ಹೆಂಗಸು ನಾನು, ಅದೂ ನಿಮಗೆ ತಿಳಿದಿರಲಿ.

ಹೋದ ತಿಂಗಳು ಅಣ್ಣ ಬಂದಿದ್ದ. ಯಾರು ಏನು ಕೊಟ್ಟರೂ ಥ್ಯಾಂಕ್ಸ್ ಹೇಳಬೇಕೆಂದು ಪದ್ಮಳ ಶಾಲೆಯಲ್ಲಿ ಕಲಿಸುತ್ತಾರೆ. ಪೆನ್ಸಿಲ್ ಕೊಟ್ಟರೂ ಹೇಳುತ್ತಾಳೆ, ನೀರು ಕೊಟ್ಟರೂ ಹೇಳುತ್ತಾಳೆ. ಈಗಿನ ಮಕ್ಕಳಿಗೆ ಉಪಕಾರದ ಖಬರಿಲ್ಲ ಎಂದು ಗೊಣಗುವವರು ಇವಳನ್ನೊಮ್ಮೆ ನೋಡಬೇಕು. ಆವತ್ತು ಆ ಕಂಬಳಿ ತಂದು ಅಣ್ಣನ ಮುಂದೆ ಹಿಡಿದು, "ಮಾಮಾ, ಇದಕ್ಕ ನಾ ನಿನಗ ಒಮ್ಮೆನೂ ಥ್ಯಾಂಕ್ಸ್ ಹೇಳಿಲ್ಲ" ಎಂದು ಕಾಲಿಗೆ ಬಿದ್ದಳು. ಅಣ್ಣ ಬೆಂಕಿ ತುಳಿದವರ ಹಾಗೆ ಕಾಲು ಎಳೆದುಕೊಂಡ. ಅವಳು ಆಚೆ ಹೋದ ಮೇಲೆ ಅಂದ: "ಇದನ್ನ ಇನ್ನ ಎಷ್ಟು ವರ್ಷ ನನ್ನ ಹೆಗಲಿಗೆ ಹಾಕ್ತೀ ತಂಗಿ? ನಾ ಬಡವ, ಖರೆ. ಕಳ್ಳ ಅಲ್ಲ."

ಇವತ್ತು ಬೆಳಿಗ್ಗೆ ಅತ್ತೆಯವರಿಗೆ ಎಲ್ಲ ಹೇಳಿದೆ. ಕೂಗಾಡುತ್ತಾರೆಂದು ಗಟ್ಟಿ ಮನಸ್ಸು ಮಾಡಿ ನಿಂತಿದ್ದೆ. ಕೂಗಾಡಲಿಲ್ಲ. "ಮಜೂರಿ ಮುಟ್ಟಿಲ್ಲೇನು ಅಂತ ಕೇಳಿದೆನಲ್ಲ ನಾ" ಎಂದರು.

ಹನುಮವ್ವ, ನಿನ್ನ ಗಂಡ ತೀರಿದನಂತೆ, ನೀನೀಗ ಗಬ್ಬೂರಿನಲ್ಲಿ ಮಗಳ ಮನೆಯಲ್ಲಿದ್ದೀಯಂತೆ. ಗಂಡನಿಲ್ಲದವಳಿಗೆ ಉಡಿ ತುಂಬುವುದಿಲ್ಲ ಎನ್ನುತ್ತಾರೆ. ತುಂಬಬಹುದಾಗಿದ್ದ ದಿನ ನಾನು ತುಂಬಲಿಲ್ಲ. ನಾಳೆ ಅಕ್ಕಿ, ಕೊಬ್ಬರಿ, ಕಣ ಕಟ್ಟಿಕೊಂಡು ಬಸ್ಸಿಗೆ ಬರುತ್ತೇನೆ. "ಬ್ಯಾಡ್ರೀ ಅಕ್ಕಾರ, ನಡಿಯೂದಿಲ್ಲ" ಎಂದು ನೀನು ಸೆರಗು ಎಳೆದುಕೊಂಡರೆ ಹಾಗೇ ವಾಪಸು ಹೊತ್ತು ತರುತ್ತೇನೆ. ಪದ್ಮ ಜೊತೆಗಿರುತ್ತಾಳೆ, ದಾರಿಯಲ್ಲಿ ಅವಳಿಗೆ ಹೇಳಬೇಕು, ಅದಕ್ಕೇ ಹೆಚ್ಚು ಅಂಜುತ್ತಿದ್ದೇನೆ. ಆದರೆ ನಿನ್ನ ಬಾಗಿಲಲ್ಲಿ ನಿಂತು, ನಿನ್ನ ಓಣಿಯವರಿಗೆಲ್ಲ ಕೇಳುವಂತೆ, ಕಂಬಳಿ ಎತ್ತಿ ಹಿಡಿದು ಕೂಗುತ್ತೇನೆ — ಇದು ಹನುಮವ್ವನ ಆಯೇರಿ ಎಂದು.