ಕೊನೆ ಹರಿದ ಪುಸ್ತಕ ಮತ್ತು ಬರಗೇರಮ್ಮನ ಊಟ

ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದ ಮೇಲೆ ದಾಕ್ಷಾಯಣಮ್ಮ ಮೊದಲು ನೋಡುವುದು ವಾಪಸ್ ಬಂದ ಪುಸ್ತಕಗಳ ಕೊನೆಯ ಹಾಳೆಗಳನ್ನು. ಮೇಜಿನ ಮುಂದೆ ನಿಂತೇ ಒಂದೊಂದನ್ನೂ ಹಿಂದಿನಿಂದ ತೆರೆದು, ಹಾಳೆ ಇದ್ದರೆ ಎಡಕ್ಕೆ, ಇಲ್ಲದಿದ್ದರೆ ಬಲಕ್ಕೆ ಇಡುತ್ತಾರೆ. ಬಲಗಡೆಯ ರಾಶಿ ಇತ್ತೀಚೆಗೆ ಬೆಳೆಯುತ್ತಿದೆ.

ಹಿರಿಯೂರಿನ ಬಸ್ ನಿಲ್ದಾಣದ ಹಿಂದೆ, ತೆಂಗಿನಕಾಯಿ ಮಂಡಿಗೂ ಒಬ್ಬ ಟೈಲರ್ ಅಂಗಡಿಗೂ ನಡುವೆ ಅವರ ಬಾಡಿಗೆ ಪುಸ್ತಕದ ಅಂಗಡಿ ಇದೆ. ಶುರು ಮಾಡಿದ್ದು ಗಂಡ. ಅವರು ತೀರಿಕೊಂಡ ಮೇಲೆ ಬೇರೆ ಏನು ಮಾಡುವುದೆಂದು ತೋಚದೆ ದಾಕ್ಷಾಯಣಮ್ಮ ಬಾಗಿಲು ತೆಗೆಯುತ್ತಲೇ ಬಂದರು. ಈಗ ಅಲ್ಲಿ ಕೈಯಿಂದ ಕೈಗೆ ಓಡಾಡುವುದು ಒಂದೇ ಬಗೆಯ ಪುಸ್ತಕ. ಮನೆಯೊಳಗೆ ಒಂದು ಗುಟ್ಟು, ಅದನ್ನು ಪತ್ತೆ ಹಚ್ಚುವ ಒಬ್ಬಳು ಹೆಂಗಸು, ಕೊನೆಗೆ ಸೇಡು.

ಓದಿದವರು ಸುಮ್ಮನೆ ಪುಸ್ತಕ ಕೊಟ್ಟು ಹೋಗುವುದಿಲ್ಲ. ತಾಲ್ಲೂಕು ಕಚೇರಿಯ ಗುರುರಾಜ್‌ಗೆ ಪ್ರತಿ ಕಥೆಯಲ್ಲೂ ಪೊಲೀಸರ ಮೇಲೆ ಸಿಟ್ಟು. "ಅಡುಗೆಮನೇಲಿ ವಾಸನೆ ನೋಡಿದ್ರೇ ಗೊತ್ತಾಗ್ತಿತ್ತಲ್ಲ ಮೇಡಂ, ಅಷ್ಟೂ ಬುದ್ಧಿ ಬೇಡ್ವಾ ಆ ಇನ್ಸ್‌ಪೆಕ್ಟ್ರಿಗೆ?" ಎಂದು ಮೇಜು ಕುಟ್ಟುತ್ತಾರೆ. ಟೈಲರ್ ಹೆಂಡತಿ ಹೊನ್ನಕ್ಕನ ದೂರು ಬೇರೆ. "ಇದು ನಮ್ಮ ಓರಗಿತ್ತಿ ಕಥೆ. ಬರೆದೋರಿಗೆ ನಮ್ಮ ಮನೆ ಸುದ್ದಿ ಯಾರು ಹೇಳಿದ್ರು?" ಕೊನೆ ಇಷ್ಟವಾಗದವರು ಕೊನೆಯನ್ನೇ ಹರಿದುಕೊಂಡು ಹೋಗುತ್ತಾರೆ. ಆಮೇಲೆ ಓದಿದವರು ಬಂದು ನಿಲ್ಲುತ್ತಾರೆ. "ಮುಂದೇನಾಯ್ತು ಹೇಳ್ರಿ."

ದಾಕ್ಷಾಯಣಮ್ಮ ಹೇಳುತ್ತಾರೆ. ಯಾರು ಕೊಂದರು, ಏಕೆ ಕೊಂದರು, ಸಿಕ್ಕಿಬಿದ್ದರೋ ಇಲ್ಲವೋ. ಮೊದಮೊದಲು ಧ್ವನಿ ಏರಿಸಿ ಇಳಿಸಿ ಹೇಳುತ್ತಿದ್ದರು. ಈಗ ಬಸ್ಸಿನ ಸಮಯ ಹೇಳಿದಂತೆ ಹೇಳುತ್ತಾರೆ.

ಹಸಿರು ರಟ್ಟಿನ ಪುಸ್ತಕವೊಂದನ್ನು ಮಾತ್ರ ಅವರು ಕೊನೆ ನೋಡದೆ ಕೊಟ್ಟುಬಿಟ್ಟಿದ್ದರು. ಆ ದಿನ ಮಂಡಿಯ ಲಾರಿ ಅಂಗಡಿಗೆ ಅಡ್ಡ ನಿಂತು, ಡ್ರೈವರ್ ಜೊತೆ ಮಾತಿಗೆ ಮಾತು ಬೆಳೆದಿತ್ತು. ಪುಸ್ತಕ ಒಯ್ದವಳು ಕಾವ್ಯಶ್ರೀ, ಹುಳಿಯಾರು ರಸ್ತೆಯ ಒಂದು ಹಟ್ಟಿಯ ಕುರಿಗಾರರ ಮನೆಯ ಸೊಸೆ. ಮಧ್ಯಾಹ್ನ ಅತ್ತೆ ಬರಗೇರಮ್ಮ ಮತ್ತು ನೆರೆಯ ಹೆಂಗಸರು ಜಗಲಿಯಲ್ಲಿ ಉಣ್ಣೆ ನೂಲುವಾಗ ಅವಳು ಗಟ್ಟಿಯಾಗಿ ಓದುತ್ತಾಳೆ. ನೂಲುವವರ ಪೈಕಿ ಅಕ್ಷರ ಬಲ್ಲವರು ಕಡಿಮೆ. ಕೇಳುವುದರಲ್ಲಿ ಮಾತ್ರ ಯಾರೂ ಹಿಂದಿಲ್ಲ.

ಬರಗೇರಮ್ಮನ ಮನೆಯಲ್ಲಿ ಒಂದು ಪದ್ಧತಿ ಇದೆ. ಕಥೆ ಶುರು ಮಾಡಿದರೆ ಮುಗಿಸಬೇಕು. ಕುರಿ ಹಿಂಡಿನ ಜೊತೆ ಬಯಲಲ್ಲಿ ತಂಗಿದಾಗ ಹಿರಿಯರು ಕಥೆ ಹೇಳುತ್ತಿದ್ದರಂತೆ. ನಡುವೆ ಬಿಟ್ಟ ಕಥೆ ಕೇಳಿದವರ ಮನೆಗೆ ಬಂದು ಕೂರುತ್ತದೆ ಎಂದು ಅವರ ನಂಬಿಕೆ. ಕಾವ್ಯಶ್ರೀ ಓದಿದ ಕಥೆ ನಿಂತದ್ದು, ಸೊಸೆ ಸಾರಿಗೆ ಏನೋ ಬೆರೆಸಿ ಅತ್ತೆಯ ಮುಂದೆ ತಟ್ಟೆ ಇಡುವ ಜಾಗದಲ್ಲಿ. ಅಲ್ಲಿಂದ ಮುಂದೆ ಹಾಳೆ ಇರಲಿಲ್ಲ.

ಅಂದಿನಿಂದ ಬರಗೇರಮ್ಮ ಮನೆಯಲ್ಲಿ ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಒಮ್ಮೆ, ಒಪ್ಪೊತ್ತು ಎಂದು ಒಮ್ಮೆ ತಪ್ಪಿಸಿಕೊಂಡರು. ಕೊನೆಗೆ ಅವರು ನೆರೆಮನೆಯಲ್ಲಿ ಮುದ್ದೆ ಉಣ್ಣುವುದು ಹಟ್ಟಿಗೆಲ್ಲ ಗೊತ್ತಾಯಿತು. ನಗುವವರು ನಕ್ಕರು. ಕಾವ್ಯಶ್ರೀಗೆ ನಗು ಬರಲಿಲ್ಲ.

ಕಳೆದ ಗುರುವಾರ ಇಬ್ಬರೂ ಅಂಗಡಿಗೆ ಬಂದರು. ಬರಗೇರಮ್ಮನ ಕಂಕುಳಲ್ಲಿ ಹಸಿರು ಪುಸ್ತಕ. ಕಾವ್ಯಶ್ರೀ ಕೈಯಲ್ಲಿ ಬಟ್ಟೆಯ ಬ್ಯಾಗು, ಊಟದ ಡಬ್ಬಿ.

"ಬರ್ರಿ, ಕುಂತ್ಕಳ್ರಿ," ಎಂದು ದಾಕ್ಷಾಯಣಮ್ಮ ಸ್ಟೂಲು ಎಳೆದರು.

"ಕುಂತ್ಕಳಾಕೆ ಬಂದಿಲ್ಲ ತಾಯಿ. ಇದರ ಕೊನೆ ಎಲ್ಲೈತೆ? ಅರ್ಧಂಬರ್ಧ ಪುಸ್ತಕ ಕೊಟ್ಟು ನಮ್ಮನೆ ಕೆಡಿಸಿದ್ರಿ," ಎಂದು ಬರಗೇರಮ್ಮ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು.

"ಯಾರೋ ಹರ್ಕೊಂಡೋಗಿದಾರೆ. ನೋಡ್ದೆ ಕೊಟ್ಟಿದ್ದು ನನ್ನ ತಪ್ಪೇ."

ಕಾವ್ಯಶ್ರೀ ಬ್ಯಾಗನ್ನು ಕಾಲ ಬಳಿ ಇಟ್ಟಳು. "ಅಕ್ಕಾ, ನಮ್ಮತ್ತೆ ನಾನು ಮಾಡಿದ್ದು ಉಣ್ಣಲ್ಲ. ಹಟ್ಟಿ ತುಂಬ ನನ್ನ ವಿಷ ಹಾಕೋಳ ಥರ ನೋಡ್ತಾರೆ. ನಾನು ಹೊಸದುರ್ಗದ ಬಸ್ಸು ಹತ್ತಿ ತೌರಿಗೆ ಹೋಗ್ತೀನಿ. ನನ್ನ ಕೈ ಅನ್ನ ಬ್ಯಾಡ ಅಂದ ಮೇಲೆ ಆ ಒಲೆ ಮುಂದೆ ಯಾಕೆ ಕೂರ್ಲಿ?"

"ನಾನು ಬ್ಯಾಡ ಅಂದಿದ್ದೀನೇನೆ? ಹೊಟ್ಟೆ ಸರಿಯಿಲ್ಲ ಅಂದೆ."

"ಪಕ್ಕದ ಮನೆ ಮುದ್ದೆಗೆ ಹೊಟ್ಟೆ ಸರಿಯಾಗತ್ತಾ ಅತ್ತೆ?"

ಬರಗೇರಮ್ಮ ದಾಕ್ಷಾಯಣಮ್ಮನ ಕಡೆ ತಿರುಗಿದರು. "ಆ ಅತ್ತೆ ಬದುಕ್ತಾಳೋ ಇಲ್ವೋ, ಅದನ್ನ ಹೇಳ್ರಿ."

ಒಂದು ಸುಳ್ಳು ಸಾಕಿತ್ತು. ತಟ್ಟೆ ಕೈ ಜಾರಿ ಬಿತ್ತು, ಸೊಸೆ ಅತ್ತು ಕಾಲಿಗೆ ಬಿದ್ದಳು ಎಂದುಬಿಟ್ಟರೆ ಇಬ್ಬರೂ ಒಟ್ಟಿಗೆ ಮನೆಗೆ ಹೋಗುತ್ತಿದ್ದರು. ದಾಕ್ಷಾಯಣಮ್ಮ ಬಾಯಿ ತೆರೆಯುವ ಮೊದಲೇ ಕಾವ್ಯಶ್ರೀ ಹೇಳಿದಳು. "ಇದ್ದದ್ದು ಇದ್ದಂಗೆ ಹೇಳ್ರಿ ಅಕ್ಕಾ. ನನ್ನ ಮುಖ ನೋಡಿ ಏನೂ ತಿದ್ದಬ್ಯಾಡ್ರಿ."

"ಸಾಯ್ತಾಳೆ," ಎಂದರು ದಾಕ್ಷಾಯಣಮ್ಮ.

ಮಂಡಿಯಲ್ಲಿ ಯಾರೋ ಕಾಯಿ ಎಣಿಸುವ ಸದ್ದು ಕೇಳುತ್ತಿತ್ತು. ಬರಗೇರಮ್ಮ ಈಗ ಸ್ಟೂಲಿನ ಮೇಲೆ ಕೂತರು.

"ಯಾಕೆ ಕೊಂದ್ಲು?"

"ಆ ಅತ್ತೆ ಹಿಂದೆ ಇವಳ ಅಕ್ಕನ್ನ ಬಾವಿಗೆ ತಳ್ಳಿದ್ಲು. ಅದನ್ನ ತಿಳ್ಕೊಂಡೇ ಇವಳು ಆ ಮನೆಗೆ ಸೊಸೆಯಾಗಿ ಬಂದಿರ್ತಾಳೆ."

"ನಾನು ಯಾರನ್ನೂ ಬಾವಿಗೆ ತಳ್ಳಿಲ್ಲ," ಎಂದರು ಬರಗೇರಮ್ಮ. ಧ್ವನಿ ಸಣ್ಣದಾಗಿತ್ತು.

"ಇಲ್ಲ ಅತ್ತೆ. ನೀವು ನನ್ನ ಕುರೀನ ನನಗೆ ಹೇಳ್ದೆ ಕೊಟ್ರಿ ಅಷ್ಟೇ."

ಕುರಿಗಾರರ ಮನೆತನಗಳಲ್ಲಿ ಮಗಳಿಗೆ ಮದುವೆಯಲ್ಲಿ ಒಂದು ಹೆಣ್ಣು ಕುರಿ ಕೊಟ್ಟು ಕಳಿಸುತ್ತಾರೆ. ಅದರ ಮರಿಗಳೂ ಅವಳದೇ, ಗಂಡ ಕೂಡ ಕೇಳುವಂತಿಲ್ಲ. ಕಿವಿಯಲ್ಲಿ ತೌರಿನ ಹಿಂಡಿನ ಗುರುತು ಇರುತ್ತದೆ. ಕಾವ್ಯಶ್ರೀ ತಂದ ಕುರಿಯ ಎಡಗಿವಿಯ ತುದಿ ಸೀಳಿತ್ತು. ಮಳೆಗಾಲದ ರೋಗಕ್ಕೆ ಅದು ಸತ್ತಿತು, ಹೂತುಬಿಟ್ಟೆ ಎಂದು ಬರಗೇರಮ್ಮ ಹೇಳಿದ್ದರು. ಆಗ ಕಾವ್ಯಶ್ರೀ ತೌರಿಗೆ ಹೋಗಿದ್ದಳು. ಹೂತದ್ದನ್ನು ಯಾರೂ ನೋಡಿರಲಿಲ್ಲ.

"ಹೊರಕೆರೆದೇವಪುರದಾಗೆ ಚಿತ್ರಕ್ಕನ ಹಿತ್ತಲಲ್ಲಿ ಅದನ್ನ ಕಟ್ಟಾಕಿದ್ರು," ಎಂದಳು ಕಾವ್ಯಶ್ರೀ. ಚಿತ್ರಾ ಬರಗೇರಮ್ಮನ ಮಗಳು. "ಅವರ ಕೂಸಿನ ನಾಮಕರಣಕ್ಕೆ ಹೋದಾಗ ನೋಡ್ದೆ. ಕಿವಿ ಮುಟ್ಟಿ ನೋಡ್ದೆ. ಪಕ್ಕದಾಗೆ ಹೆಣ್ಣು ಮರಿ ಬೇರೆ."

"ಅವಳ ಮನೇಲಿ ಹಾಲಿಗೆ ಗತಿ ಇರಲಿಲ್ಲ ಕಣೇ."

"ಕೇಳಿದ್ರೆ ನಾನೇ ಕೊಡ್ತಿದ್ದೆ."

"ಯಾವಾಗ ನೋಡಿದ್ದು?"

"ಆ ನಾಮಕರಣದ ಕೂಸು ಈಗ ಓಡಾಡುತ್ತೆ ಅತ್ತೆ. ಅಷ್ಟು ದಿನದಿಂದ ಗೊತ್ತೈತೆ. ಅಷ್ಟು ದಿನಾನೂ ನಿಮಗೆ ಮುದ್ದೆ ತಿರುವಿದ್ದು ನಾನೇ."

ದಾಕ್ಷಾಯಣಮ್ಮ ಹಸಿರು ಪುಸ್ತಕವನ್ನು ಎತ್ತಿ ಬಲಗಡೆಯ ರಾಶಿಯ ಮೇಲೆ ಇಟ್ಟರು. ಕಥೆಯ ಕೊನೆ ಕೇಳಲು ಓಡಿಬರುವವರು ತಮ್ಮ ಮನೆಯದನ್ನೇ ಕೇಳುತ್ತಿರುತ್ತಾರೆ ಎಂಬುದು ಅವರಿಗೆ ಹೊಸದಲ್ಲ. ಅದನ್ನು ಇನ್ನೊಮ್ಮೆ ಎದುರಿಗೆ ಕಾಣುವ ಉಮೇದು ಅವರಲ್ಲಿ ಉಳಿದಿಲ್ಲ.

ಬರಗೇರಮ್ಮ ಕೈ ಚಾಚಿದರು. "ಆ ಡಬ್ಬಿ ಕೊಡು ಇತ್ತ."

"ನನ್ನ ದಾರಿಗೆ ಕಟ್ಕೊಂಡಿದ್ದು ಅದು."

"ಕೊಡೇ. ಬೆಳಿಗ್ಗೆಯಿಂದ ಏನೂ ಬಿದ್ದಿಲ್ಲ ಹೊಟ್ಟೆಗೆ."

ಡಬ್ಬಿಯಲ್ಲಿ ಎರಡು ರೊಟ್ಟಿ, ಹುಚ್ಚೆಳ್ಳು ಚಟ್ನಿ ಇತ್ತು. ಬರಗೇರಮ್ಮ ಒಂದನ್ನು ಪೂರ್ತಿ ತಿಂದರು, ಇನ್ನೊಂದನ್ನು ಮುಚ್ಚಿ ವಾಪಸ್ ಕೊಟ್ಟರು. ದಾಕ್ಷಾಯಣಮ್ಮ ನೀರಿನ ಬಾಟಲಿ ಮುಂದಿಟ್ಟರು.

"ಉಪ್ಪು ಜಾಸ್ತಿ ಆಗೈತೆ," ಎಂದರು ಬರಗೇರಮ್ಮ ಕೈ ಒರೆಸಿಕೊಳ್ಳುತ್ತ.

"ಸಿಟ್ಟಲ್ಲಿ ಅರೆದಿದ್ದು."

"ಹೋಗಾಣ ನಡಿ ಮನೆಗೆ."

ಕಾವ್ಯಶ್ರೀ ಬ್ಯಾಗು ಎತ್ತಿಕೊಂಡಳು. "ಇಲ್ಲ ಅತ್ತೆ. ನನ್ನ ಕುರಿ ಬರ್ಲಿ, ಆಮೇಲೆ ನಾನು ಬರ್ತೀನಿ. ಆ ಮರೀನೂ ಈಗ ಕುರಿ ಆಗಿರುತ್ತೆ, ಅದು ಚಿತ್ರಕ್ಕನ ಹತ್ರಾನೇ ಇರ್ಲಿ, ಕೂಸಿಗೆ ಹಾಲು ಬೇಕು ಅಂದ್ರೆ ಅವರಿಗೊಂದು ಇರ್ಬೇಕಲ್ಲ."

ಬರಗೇರಮ್ಮ ತಡೆಯಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ದಾಕ್ಷಾಯಣಮ್ಮನ ಕೈಯಲ್ಲಿ ಕಾವ್ಯಶ್ರೀಯ ಗಂಡ, ತಮ್ಮ ಮಗ ಮಾರುತೇಶ್‌ಗೆ ಫೋನ್ ಹಚ್ಚಿಸಿಕೊಂಡು, ಊರಿಗೆಲ್ಲ ಕೇಳುವ ಧ್ವನಿಯಲ್ಲಿ, ಲಗೇಜ್ ಆಟೋ ಗೊತ್ತು ಮಾಡು ಎಂದರು. ಯಾಕೆ ಎಂದು ಅವನು ಕೇಳಿರಬೇಕು. "ಬಂದು ಹೇಳ್ತೀನಿ, ಮೊದಲು ಗೊತ್ತು ಮಾಡು ಲೇ," ಎಂದು ಫೋನನ್ನು ದಾಕ್ಷಾಯಣಮ್ಮನ ಕೈಗೆ ಕೊಟ್ಟರು, ಕಟ್ ಮಾಡಲು.

ಹೊಸದುರ್ಗದ ಬಸ್ಸು ಬಂತು. ಕಾವ್ಯಶ್ರೀ ಹತ್ತಿದಳು. ಮಾರುತೇಶ್ ಬರುವ ಸೋಮವಾರ ಹೊರಕೆರೆದೇವಪುರಕ್ಕೆ ಕುರಿ ತರಲು ಹೋಗುತ್ತಾನೆ.