ಇಸ್ಮಾಯಿಲಸಾಬರ ಶುದ್ಧ ಕರೆಂಟು

ಸವಣೂರಿನಲ್ಲಿ ಇಸ್ಮಾಯಿಲಸಾಬರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತದೆ. ಹಾಗಾಗಿ ನಾನು ಹೇಳುವುದರಲ್ಲಿ ಕೇಳಿದ್ದಕ್ಕಿಂತ ಕಂಡದ್ದೇ ಹೆಚ್ಚು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವ ಮನಸ್ಸೂ ನನಗಿಲ್ಲ.

ಸಾಬರು ಮೈಕ್‌ಸೆಟ್ಟಿನವರು. ಮೀಸೆ ಮೂಡಿದಾಗಿನಿಂದ ಗಡ್ಡ ನೆರೆಯುವ ತನಕ ಅದೇ ಕೆಲಸ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಲ್ಲಿ ಮದುವೆಯಾಗಲಿ, ಉರುಸಾಗಲಿ, ಗಣಪತಿ ಕೂಡ್ರಿಸಲಿ, ಕಂಬದ ಮೇಲೆ ಹಾರ್ನ್ ಕಟ್ಟಲು ಅವರೇ ಬರಬೇಕು. ಹಾರ್ನಿನ ಬಾಯಿ ಎಲ್ಲಿದೆಯೋ ಅದರ ಕೆಳಗೇ ಅವರ ಕುರ್ಚಿ. ಸೆಟ್ಟು ಬಿಟ್ಟು ದೂರ ಕುಳಿತರೆ ಧ್ವನಿ ಹದಗೆಟ್ಟದ್ದು ತಿಳಿಯುವುದಿಲ್ಲ ಎನ್ನುತ್ತಿದ್ದರು.

ಮೈಕಿನಲ್ಲಿ ಗುಂಯ್ ಎಂಬ ಸಪ್ಪಳ ಬಂದರೆ ಆ ಕಸುಬಿನವರು ಮೊದಲು ಅನುಮಾನಿಸುವುದು ಅರ್ಥಿಂಗನ್ನು, ಅಂದರೆ ನೆಲಕ್ಕೆ ಇಳಿಯುವ ವಾಯರನ್ನು. ಸಾಬರು ಹಂದರದ ಹಿಂದೆ ಕಬ್ಬಿಣದ ಗೂಟ ಬಡಿದು, ಬುಡಕ್ಕೆ ಉಪ್ಪು ಸುರಿದು, ಒಂದು ಕೊಡ ನೀರು ಹೊಯ್ದು ವಾಯರ್ ಕಟ್ಟುತ್ತಿದ್ದರು. ಗುಂಯ್ ನಿಲ್ಲುತ್ತಿತ್ತು. ಹಿರೇಬೆಂಡಿಗೇರಿಯ ಒಂದು ಮದುವೆಯಲ್ಲಿ ಅಡುಗೆಯವನ ಉಪ್ಪನ್ನೆಲ್ಲ ಗೂಟಕ್ಕೆ ಸುರಿದುಬಿಟ್ಟದ್ದಕ್ಕೆ ಬೀಗರು ಸಪ್ಪೆ ಸಾರು ಉಂಡು ಎದ್ದರಂತೆ. ಅದನ್ನು ಅವರು, ಯಾರೋ ತಮಗೆ ಶಾಲು ಹೊದಿಸಿ ಸನ್ಮಾನ ಮಾಡಿದ ಹಾಗೆ ಹೇಳಿಕೊಳ್ಳುತ್ತಿದ್ದರು.

ಡಿಜೆ ಬಂತು, ಹಾರ್ನು ಗುಜರಿಗೆ ಹೋಯಿತು. ಸಾಬರು ಒಂದು ಒಳ್ಳೆಯ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್, ಕಪಾಟಿನಷ್ಟು ಎತ್ತರದ ಎರಡು ಸ್ಪೀಕರ್ ಉಳಿಸಿಕೊಂಡು ಪಡಸಾಲೆಯಲ್ಲಿ ಜೋಡಿಸಿದರು. ಇಷ್ಟು ದಿನ ಊರಿಗೆ ಕೇಳಿಸಿದೆ, ಇನ್ನು ಮೇಲೆ ನಾನು ಕೇಳುತ್ತೇನೆ ಎಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಮುಮ್ತಾಜಕ್ಕ, ಅಂದರೆ ಅವರ ಹೆಂಡತಿ, ಅದೇ ಪಡಸಾಲೆಯ ಕಿಟಕಿಯ ಹತ್ತಿರ ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಅವಳಿಗೆ ಮೊಣಕಾಲಿನ ಬೇನೆ. ಮಗಳು ಗುಲ್ನಾಜ ಮದುವೆಯಾಗಿ ಹಾನಗಲ್ಲಿಗೆ ಹೋಗುವ ಮುಂಚೆ ಆ ಮಷೀನಿಗೆ ಒಂದು ಮೋಟರು ಹಾಕಿಸಿಕೊಟ್ಟಿದ್ದಳು. ಅಂದಿನಿಂದ ಮುಮ್ತಾಜಕ್ಕ ಕಾಲು ತುಳಿಯುವ ಕಷ್ಟವಿಲ್ಲದೆ, ಬೆರಳ ತುದಿಯಲ್ಲಿ ಬಟ್ಟೆ ಓಡಿಸುತ್ತ, ನಗುನಗುತ್ತ ಹೊಲಿಯುತ್ತಿದ್ದಳು.

ಸಾಬರಿಗೆ ಒಂದು ಪದ್ಧತಿ. ಹಾಡು ಹಾಕುವ ಮೊದಲು ಆಂಪ್ಲಿಫೈಯರ್ ಬರಿದೇ ಚಾಲೂ ಮಾಡಿ, ಕಣ್ಣು ಮುಚ್ಚಿ, ಏನೂ ಕೇಳಿಸದಿರುವುದನ್ನು ಕೇಳಬೇಕು. ಒಂದು ದಿನ ಹಾಗೆ ಕುಳಿತವರು ಕಣ್ಣು ತೆರೆದರು.

“ಗುಂಯ್ ಅನ್ನಾಕತ್ತೈತಿ.”

“ನನಗೇನೂ ಕೇಳಸವಲ್ದರಿ,” ಎಂದಳು ಮುಮ್ತಾಜಕ್ಕ.

“ನಿನಗೆಲ್ಲಿಂದ ಕೇಳಸ್ತೈತಿ? ಅದಕ್ಕ ಕಿವಿ ಬೇಕು.”

ಮನೆಯೊಳಗೆ ಉರ್ದು ಆಡುವ ಈ ಗಂಡಹೆಂಡತಿ ಜಗಳವನ್ನು ಮಾತ್ರ ಕನ್ನಡದಲ್ಲಿ ಆಡುತ್ತಿದ್ದರು, ನಮ್ಮಂಥವರಿಗೂ ನ್ಯಾಯ ತಿಳಿಯಲಿ ಎಂದು.

ಮರುದಿನವೇ ಅಂಗಳ ಅಗೆದರು. ಮುಮ್ತಾಜಕ್ಕನ ಕರಿಬೇವಿನ ಗಿಡ ಬೇರುಸಮೇತ ಹೋಯಿತು. ಆ ಕುಣಿಯಲ್ಲಿ ತಾಮ್ರದ ತಗಡು ನಿಲ್ಲಿಸಿ, ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಹಾಕಿ ಮುಚ್ಚಿದರು. ಅರ್ಥಿಂಗಿನ ಕುಣಿ ಒಣಗಬಾರದು, ದಿನಾ ನೀರು ಬೀಳಬೇಕು. ಬೇಸಿಗೆಯಲ್ಲಿ ನಳ ಯಾವಾಗ ಬರುತ್ತದೋ ದೇವರಿಗೇ ಗೊತ್ತಿರುವ ಊರಿನಲ್ಲಿ ಮೊದಲ ಕೊಡ ಆ ಕುಣಿಗೆ, ಆಮೇಲಿನದು ಒಲೆಯ ಹತ್ತಿರಕ್ಕೆ. ಹೊರುವವಳು ಮುಮ್ತಾಜಕ್ಕ. ಎರಡು ದಿನ ಗುಂಯ್ ಕಡಿಮೆಯಾಯಿತು ಎಂದರು, ಆಮೇಲೆ ಮತ್ತೆ ಶುರುವಾಯಿತು ಎಂದರು.

ಬಿಲಾಲನನ್ನು ಕರೆಸಿದರು. ಇವನು ಶಿಗ್ಗಾಂವಿಯ ವಾಯರಮನ್. ಸಾಬರ ಕೈಕೆಳಗೆ ಕಂಬ ಹತ್ತಲು ಕಲಿತವನು, ಇವತ್ತಿಗೂ ಅವರನ್ನು ಉಸ್ತಾದ ಎಂದೇ ಕರೆಯುತ್ತಾನೆ. ಮೀಟರಿನಿಂದ ಆಂಪ್ಲಿಫೈಯರಿಗೆ ಅಂತಲೇ ಬೇರೆ ಲೈನು ಎಳೆದ. ಹೆಬ್ಬೆರಳಿನ ದಪ್ಪದ ವಾಯರು. ಬೋರ್ಡಿನ ಸಡಿಲ ಜೋಡಣೆಗಳನ್ನೆಲ್ಲ ಬಿಗಿ ಮಾಡಿದ. ಮುಗಿದ ಮೇಲೆ ಗುರುಶಿಷ್ಯರಿಬ್ಬರೂ ಸ್ಪೀಕರಿಗೆ ಕಿವಿ ಹಚ್ಚಿ ಕುಳಿತರು.

“ಬರಾಕತ್ತೈತಿಲ್ಲ?”

“ಹೌದ್ರಿ ಉಸ್ತಾದ. ಸಣ್ಣಗೆ ಬರಾಕತ್ತೈತಿ.”

ಆ ಹೌದ್ರಿ ಎಂಬ ಒಂದು ಮಾತು ಆ ಮನೆಯನ್ನು ತಿಂದಿತು. ಸಾಬರು ಒಂದೊಂದೇ ಸಾಮಾನನ್ನು ತಪ್ಪಿತಸ್ಥ ಮಾಡುತ್ತ ಬಂದರು. ಫ್ರಿಜ್ಜು ಕರೆಂಟನ್ನು ಹೊಲಸು ಮಾಡುತ್ತದೆ ಎಂದು ಅದನ್ನು ಬಂದ್ ಮಾಡಿದರು, ಈಗ ಅದರಲ್ಲಿ ನೂಲಿನ ಉಂಡೆಗಳಿವೆ. ಎಲ್‌ಇಡಿ ಬಲ್ಬು ಹೋಗಿ ಮಂಕು ಬೆಳಕಿನ ಹಳೆಯ ಬಲ್ಬು ಬಂತು. ಫ್ಯಾನಿನ ರೆಗ್ಯುಲೇಟರು ಕಿತ್ತರು, ಆಮೇಲೆ ಫ್ಯಾನನ್ನೇ ಇಳಿಸಿದರು. ನಾನು ನಮ್ಮ ಮನೆಯಲ್ಲಿ ಚಟ್ನಿ ರುಬ್ಬಿದರೂ ಗೋಡೆ ಬಡಿಯುತ್ತಿದ್ದರು. ನಾನೂ ಒನಕೆಯಿಂದ ತಿರುಗಿ ಬಡಿಯುತ್ತಿದ್ದೆ. ಎಳೆಗೂಸನ್ನು ಕರೆದುಕೊಂಡು ತವರಿಗೆ ಬಂದ ಗುಲ್ನಾಜ, ಮಗುವಿನ ಮೈತುಂಬ ಬೆವರುಸಾಲೆ ಎದ್ದದ್ದು ನೋಡಿ, ತಂದೆಯೊಂದಿಗೆ ಮಾತೂ ಆಡದೆ ಹಾನಗಲ್ಲಿನ ಬಸ್ಸು ಹತ್ತಿದಳು. ಆಮೇಲೆ ಉಳಿಯಲು ಬಂದಿಲ್ಲ.

ಕಡೆಗೆ ಉಳಿದದ್ದು ಹೊಲಿಗೆಯ ಮೋಟರು.

“ಇದ ನೋಡು ಕಳ್ಳ,” ಎಂದರು ಸಾಬರು. “ಇದರ ಸುರ, ಅದರ ಸುರ ಎರಡೂ ಒಂದ ಐತಿ.”

“ನನ್ನ ಮೊಣಕಾಲಾಣೆ, ಇದನ್ನ ಮುಟ್ಟಬ್ಯಾಡ್ರಿ. ನೀವು ಹಾಡು ಕೇಳೂ ಹೊತ್ತಿನ್ಯಾಗ ನಾ ಹೊಲಿಯಂಗಿಲ್ಲ.”

“ಮನ್ಯಾಗ ಇದ್ರ ಸಾಕು, ಲೈನ್ ಕೆಡ್ತೈತಿ.”

ಅವಳು ಕೈಮುಗಿದಳು. ನಾನು ಬಾಗಿಲಲ್ಲೇ ನಿಂತಿದ್ದೆ, ನನ್ನ ಜಂಪರಿನ ಅಳತೆ ಕೊಡಲು ಬಂದವಳು. “ಸಾಬರ, ಅಕಿ ಹೊಟ್ಟಿ ಮ್ಯಾಲೆ ಯಾಕ ಹೊಡೀತೀರಿ?” ಎಂದೆ. ಅವರು ಮಷೀನಿನ ಹತ್ತಿರ ಕುಕ್ಕರಿಸಿದರು. ಮೋಟರಿನ ಬೆಲ್ಟು ಬಿಚ್ಚಿ, ಮೋಟರನ್ನು ಹುಬ್ಬಳ್ಳಿಗೆ ಒಯ್ದು, ಅದರ ಜೊತೆ ರೊಕ್ಕವನ್ನೂ ಕೊಟ್ಟು ಕರೆಂಟು ಸೋಸುವ ಒಂದು ಟ್ರಾನ್ಸ್‌ಫಾರ್ಮರು ತಂದರು. ಕಬ್ಬಿಣದ ಡಬ್ಬಿ, ಇಬ್ಬರು ಎತ್ತಬೇಕು. ಅದನ್ನು ಮುಮ್ತಾಜಕ್ಕ ನಮಾಜಿಗೆ ಕೂರುತ್ತಿದ್ದ ಮೂಲೆಯಲ್ಲಿ ಇಟ್ಟರು.

ಅಂದಿನಿಂದ ಅವಳು ಮತ್ತೆ ಕಾಲಿನಿಂದ ತುಳಿಯತೊಡಗಿದಳು. ಸಂಜೆಯಾಗುವ ಹೊತ್ತಿಗೆ ಮೊಣಕಾಲು ಕುಂಬಳಕಾಯಿಯಂತೆ ಊದಿರುತ್ತಿತ್ತು. ಕೆಲಸ ನಿಧಾನವಾಯಿತು, ಗಿರಾಕಿಗಳು ಬೇರೆ ಓಣಿಗೆ ಹೋದರು. ಸಾಬರು ಮಾತ್ರ ಕಣ್ಣು ಮುಚ್ಚಿ ಕೂರುತ್ತಿದ್ದರು. ಹಾಡು ಹಾಕುವುದು ಯಾವತ್ತೋ ನಿಂತಿತ್ತು. ಗುಂಯ್ ಹೋಗದೆ ಹಾಡು ಹಾಕುವುದು ಹಾಡಿಗೇ ಅವಮಾನ ಎನ್ನುತ್ತಿದ್ದರು.

ಒಂದು ದಿನ ಬಿಲಾಲನನ್ನು ಓಣಿಯ ಬಾಯಲ್ಲೇ ಹಿಡಿದೆ. “ಖರೇ ಹೇಳೋ, ನಿನಗ ಆ ಸಪ್ಪಳ ಕೇಳಸ್ತೈತೇನು?”

ಅವನು ತಲೆ ತುರಿಸಿಕೊಂಡ. “ಇಲ್ರಿ ಅಕ್ಕಾರ. ಒಂದ ದಿನಾನೂ ಕೇಳಿಲ್ಲ.”

“ಮತ್ತ ಹೌದ್ರಿ ಅಂದಿ?”

“ಉಸ್ತಾದ ಕೇಳಸ್ತೈತಿ ಅಂದಮ್ಯಾಲ ಕೈಕೆಳಗ ಕಲತ ಶಾಗಿರ್ದ ಇಲ್ಲ ಅನ್ನೂದು ಹ್ಯಾಂಗ್ರಿ? ನಮ್ಮ ಲೈನ್ಯಾಗ ಹಂಗ ಅನ್ನಂಗಿಲ್ರಿ.”

ಮರ್ಯಾದೆಯಂತೆ ಮರ್ಯಾದೆ! ಕಪಾಳಕ್ಕೆ ಹಾಕಬೇಕೆನಿಸಿತು. ನೇರ ಹೋಗಿ ಮುಮ್ತಾಜಕ್ಕನಿಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ, “ನನಗ ಮೊದಲ ಗೊತ್ತೈತಿ ನೀಲವ್ವ. ಸಪ್ಪಳ ಮನ್ಯಾಗಿಲ್ಲ, ಅವರ ಕಿವಿಯಾಗ ಐತಿ. ನಾ ಹೇಳಿದ್ರ ಕೇಳ್ತಾರೇನು? ಅವರ ತಾವಾಗೇ ನನ್ನ ಒಂದ ಸರ್ತಿ ಕೇಳಲಿ, ಆಗ ಹೇಳ್ತೇನಿ,” ಎಂದಳು.

ಕೇಳುವ ದಿನ ಬಂತು. ಒಂದು ಮಧ್ಯಾಹ್ನ ಹೊರಗೆ ರಣಬಿಸಿಲು. ನಾನು ಅವರ ಪಡಸಾಲೆಯಲ್ಲಿ ಕುಳಿತು ಗುಂಡಿ ಹಚ್ಚಿಸಿಕೊಳ್ಳುತ್ತಿದ್ದೆ. ಸಾಬರು ಎಂದಿನಂತೆ ಕಣ್ಣು ಮುಚ್ಚಿ ಸ್ಪೀಕರಿನ ಎದುರು ಕುಳಿತಿದ್ದರು. ಇದ್ದಕ್ಕಿದ್ದಂತೆ ಅವರ ಮುಖ ಅಳುವ ಮುಖವಾಯಿತು.

“ಇಷ್ಟ ಮಾಡಿದ್ರೂ ಹೋಗವಲ್ದು. ಇವತ್ತ ಇನ್ನೂ ಜೋರ ಐತಿ. ಬೇಗಂ, ಖರೇನ ಹೇಳು, ನಿನಗ ಕೇಳಸವಲ್ದೇನು?”

ಮುಮ್ತಾಜಕ್ಕ ಗುಂಡಿಯ ದಾರವನ್ನು ಹಲ್ಲಿನಲ್ಲಿ ಕಡಿದಳು.

“ಮುಂಜಾನಿಂದ ಕರೆಂಟ ಇಲ್ರಿ. ಕಂಬದ ಕೆಲಸ ನಡದೈತಿ ಅಂತ ಇಡೀ ಸವಣೂರಿಗೆ ಇಲ್ಲ.”

ಫ್ಯಾನಿಲ್ಲ, ಫ್ರಿಜ್ಜಿಲ್ಲ, ಹಗಲಿನಲ್ಲಿ ದೀಪವಿಲ್ಲ. ಕರೆಂಟು ಹೋದದ್ದು ತಿಳಿಯಲು ಆ ಮನೆಯಲ್ಲಿ ಏನನ್ನೂ ಅವರು ಉಳಿಸಿರಲಿಲ್ಲ. ಸಾಬರು ಆಂಪ್ಲಿಫೈಯರಿನ ಕೆಂಪು ದೀಪ ನೋಡಿದರು, ಅದು ಆರಿತ್ತು. ಎದ್ದು ಮೀಟರಿನ ಫ್ಯೂಜು ಕಿತ್ತು ಕೈಯಲ್ಲಿ ಹಿಡಿದು ನಿಂತರು. ಅಂಗಳಕ್ಕೆ ಹೋದರು, ಓಣಿಗೆ ಹೋದರು. ಅಲ್ಲಿಂದ ಹತ್ತಿಮತ್ತೂರಿನ ರಸ್ತೆ ಹಿಡಿದು, ತಲೆಯ ಮೇಲೆ ಒಂದೂ ತಂತಿಯಿಲ್ಲದ ಹೊಲದ ನಡುವೆ ನಿಂತಿದ್ದರಂತೆ. ಸಂಜೆ ತಿರುಗಿ ಬಂದಾಗ ಫ್ಯೂಜು ಇನ್ನೂ ಮುಷ್ಟಿಯಲ್ಲಿತ್ತು. ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಇದು ಹಾರ್ನಿನ ಕೆಳಗೆ ಕುಳಿತದ್ದರ ಫಲ, ಔಷಧಿಯಿಲ್ಲ ಎಂದರಂತೆ. ಸುತ್ತಮುತ್ತ ಏನಾದರೂ ಸಣ್ಣ ಸಪ್ಪಳ ಇರಲಿ, ನಿಶ್ಶಬ್ದದಲ್ಲಿ ಕೂರಬೇಡಿ ಎಂದರಂತೆ. ಸಾಬರು ಹಾಡು ಹಾಕಿ ನೋಡಿದರು. ಈಗ ಪ್ರತಿ ಹಾಡಿನ ಅಡಿಯಲ್ಲೂ ತಮ್ಮ ಕಿವಿಯೇ ಕೇಳಿಸತೊಡಗಿದ್ದರಿಂದ ಸ್ಪೀಕರುಗಳನ್ನು ಮಾಸೂರಿನವರೊಬ್ಬರಿಗೆ ಮಾರಿಬಿಟ್ಟರು. ಫ್ಯಾನು ಮತ್ತೆ ಮೇಲೇರಿತು. ಅದರ ಗಾಳಿ ಹಿತವಾಗಿತ್ತು, ಆದರೆ ಗುಂಯ್ ಮುಚ್ಚಲು ಅದರ ಸಪ್ಪಳ ಸಾಲಲಿಲ್ಲ. ರಾತ್ರಿಯ ನಿದ್ದೆ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಮನುಷ್ಯ ಅರ್ಧವಾದರು.

ಹೋದ ಶುಕ್ರವಾರ ರಾತ್ರಿ, ನಾನು ಅವರ ಪಡಸಾಲೆಯಲ್ಲಿದ್ದಾಗ, ಅವರು ಒಂದು ರಟ್ಟಿನ ಡಬ್ಬಿ ತಂದು ಹೆಂಡತಿಯ ಮುಂದೆ ಇಟ್ಟರು. ಒಳಗೆ ಹೊಸ ಮೋಟರು. ಮುಮ್ತಾಜಕ್ಕನ ಕಣ್ಣು ಒಂದು ಗಳಿಗೆ ಅರಳಿದ್ದನ್ನು ನಾನು ನೋಡಿದೆ.

“ಹಚ್ಚಲೇನು? ಕುಂತ್ಗೊಂಡು ಹೊಲಿ. ದಿನಾಪೂರ್ತಿ ಹೊಲಿ.”

“ನನ್ನ ಮೊಣಕಾಲು ನೆನಪಾತೇನ್ರಿ?”

ಒಂದು ಹೌದು ಎಂದಿದ್ದರೆ ಸಾಕಿತ್ತು. ಸುಳ್ಳಾಗಿಯಾದರೂ ಎನ್ನಬಹುದಿತ್ತು. ಆದರೆ ನಿದ್ದೆಗೆಟ್ಟ ಮನುಷ್ಯನಿಗೆ ಅಷ್ಟೂ ಹೊಳೆಯಲಿಲ್ಲ.

“ಮೊಣಕಾಲು? ಇಲ್ಲ, ಇದರ ಸುರ ಮತ್ತ ಕಿವ್ಯಾಗಿಂದು ಎರಡೂ ಒಂದ ಐತಲ್ಲ. ಇದು ತಿರಗತಿದ್ರ ಅದು ಮುಚ್ಚಿ ಹೋಗ್ತೈತಿ. ನೀ ಹೊಲಿತಿದ್ರ ನಾ ಇಲ್ಲೇ ಬಾಜೂಕ ಮಲಗ್ತೇನಿ.”

ಮುಮ್ತಾಜಕ್ಕ ಡಬ್ಬಿಯ ಮುಚ್ಚಳವನ್ನು ನೆಟ್ಟಗೆ ಮಡಚಿ ಮುಚ್ಚಿದಳು. ಕುಂಟುತ್ತ ಹೋಗಿ ಅದನ್ನು ಅಟ್ಟದ ಮೇಲೆ, ಕೈಗೆ ಎಟುಕದಷ್ಟು ಒಳಗೆ ತಳ್ಳಿದಳು.

“ಬ್ಯಾಡ್ರಿ. ಕಾಲಿಗೆ ರೂಢಿ ಆಗೇತಿ. ಮನಿ ಹಿಂಗ ಸುಮ್ಮನ ಇದ್ರ ನನಗ ಭಾಳ ಚೊಲೋ ಅನಸ್ತೈತಿ.”

ಸಾಬರು ಅವಳ ಕೈ ಹಿಡಿದರು. ನಾನು ಕೇಳಿರದ ಧ್ವನಿಯಲ್ಲಿ, ಉರ್ದುವಿನಲ್ಲಿ, ಏನೋ ಬೇಡಿಕೊಂಡರು. ಅವಳು ಕೈ ಬಿಡಿಸಿಕೊಂಡು ಮಷೀನಿಗೆ ಬಟ್ಟೆ ಹೊದಿಸಿ, ಕಿಟಕಿ ಮುಚ್ಚಿ, ಚಾಪೆ ಹಾಸಿಕೊಂಡಳು. ನಾನು ಹೊಸ್ತಿಲು ದಾಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.