ಯಾನಾಗೆ ಧೂಳು, ಪೂಕಾಗೆ ರೋಗ

ನಮ್ಮ ಊರಲ್ಲಿ ಯಾರ ಮನೆಯ ಗಿನಿಪಿಗ್ ಸೀನಿದರೂ ಅದನ್ನು ಹೊದಿಕೆಯಲ್ಲಿ ಸುತ್ತಿಕೊಂಡು ನೋಲ್ಬೆರ್ತಾಳ ಬಾಗಿಲಿಗೆ ಬರುತ್ತಾರೆ. ಅವಳು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೂಗು ನೋಡುತ್ತಾಳೆ, ಕಣ್ಣಿನ ಮೂಲೆ ನೋಡುತ್ತಾಳೆ, ಪಕ್ಕೆಗೆ ಕಿವಿ ಹಚ್ಚುತ್ತಾಳೆ. ಆಮೇಲೆ ಒಂದು ಎಳೆ ಕುದುರೆ ಮೆಂತೆ ಸೊಪ್ಪು ಮುಂದಿಟ್ಟು ಸುಮ್ಮನೆ ಕಾಯುತ್ತಾಳೆ. ಕೊನೆಗೆ ಒಂದೇ ಮಾತು: ಧೂಳು, ಇಲ್ಲವೇ ರೋಗ. ಇರಬಹುದೇನೋ, ನೋಡೋಣ ಎಂದು ರಾಗ ಎಳೆಯುವ ಅಭ್ಯಾಸ ಅವಳಿಗಿಲ್ಲ. ಅವಳ ಮಾತು ತಪ್ಪಿದ್ದನ್ನು ಈಗಿನವರು ಯಾರೂ ಕಂಡಿಲ್ಲ. ತಪ್ಪಿದ್ದು ಹಿಂದೆ, ಅದೂ ಬೇಕೆಂತಲೇ.

ಅವಳು ಫ್ಲೊರಿಯಾನೊನ ಹೆಂಡತಿಯಾಗಿ ಕೆಳಗಿನ ಊರಿನಿಂದ ಬಂದಾಗ ಮಡಿಲಲ್ಲಿ ಎರಡು ಗಿನಿಪಿಗ್‌ಗಳಿದ್ದವು. ಸಾಯುವ ಮೊದಲು ಅವಳ ತಾಯಿ ಕೈಯಾರೆ ಕೊಟ್ಟವು. ಕಪ್ಪಗಿದ್ದದ್ದು ಯಾನಾ, ಕೆಂಚಗಿದ್ದದ್ದು ಪೂಕಾ. ಗಿನಿಪಿಗ್ ತರುವುದೇನೂ ಹೊಸತಲ್ಲ. ಎಲ್ಲರ ಅಡುಗೆಮನೆಯಲ್ಲೂ ಒಲೆಯ ಸುತ್ತ ಅವು ಓಡಾಡಿಕೊಂಡಿರುತ್ತವೆ, ಸಿಪ್ಪೆ ತಿಂದು ಬೆಳೆಯುತ್ತವೆ, ಹಬ್ಬ ಬಂದಾಗ ತಟ್ಟೆಗೆ ಬರುತ್ತವೆ. ಆದರೆ ಇವೆರಡನ್ನು ಯಾರೂ ಮುಟ್ಟಕೂಡದು ಎಂದು ಹೊಸ ಸೊಸೆ ಹೇಳಿದಾಗ ಅತ್ತೆ ತೆಯೋಫಿಲಾ ನಕ್ಕಳು.

"ಒಬ್ಬಳು ಸೊಸೆ ಬರ್ತಾಳೆ ಅಂದಿದ್ರು. ಮೂರು ಬಾಯಿ ಬಂದಿವೆ," ಅಂದಳು.

ತೆಯೋಫಿಲಾ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನೋಲ್ಬೆರ್ತಾ ಜಗಳವಾಡಿಯಾದರೂ ಗೆಲ್ಲುತ್ತಿದ್ದಳು. ಎಲ್ಲವನ್ನೂ ಮನೆಯ ಒಳ್ಳೆಯದಕ್ಕೇ ಮಾಡುವ ಹೆಂಗಸಿನ ಮುಂದೆ ಜಗಳ ನಡೆಯುವುದಿಲ್ಲ. ಆ ಎರಡಕ್ಕೂ ಒಲೆಯ ಪಕ್ಕದಲ್ಲಿ ಬೇರೆ ಪೆಟ್ಟಿಗೆ ಇಡಲು ಅವಳು ಒಪ್ಪಿಕೊಂಡಳು.

ಆ ಅಡುಗೆಮನೆಗೆ ಕಿಟಕಿ ಇರಲಿಲ್ಲ. ನೀಲಗಿರಿ ಸೌದೆ ಹಸಿಯಿದ್ದರೆ ಹೊಗೆ ಸೂರಿಗೆ ಮುಟ್ಟಿ ಕೆಳಗಿಳಿದು ಬಾಗಿಲು ಹುಡುಕಿಕೊಂಡು ಹೋಗುತ್ತಿತ್ತು. ಮಗಳು ಮೆಲಾನಿಯಾ ಹುಟ್ಟಿದ ವರ್ಷ ನೋಲ್ಬೆರ್ತಾಗೆ ಕೆಮ್ಮು ಶುರುವಾಯಿತು. ಕೂಸು ತೊದಲು ಮಾತಾಡುವ ಹೊತ್ತಿಗೂ ಅದು ನಿಂತಿರಲಿಲ್ಲ. ಒಲೆಯ ಮುಂದೆ ಕೂತರೆ ಕೆಮ್ಮು, ಎದ್ದರೆ ಕೆಮ್ಮು. ಬಾವಿಯ ಹತ್ತಿರ ಹೆಂಗಸರು ಅವಳನ್ನು ಕಂಡು ಸ್ವಲ್ಪ ಜರುಗಿ ನಿಲ್ಲತೊಡಗಿದರು. ಆ ಕಾಲದಲ್ಲಿ ಎದೆಯ ರೋಗ, ಅಂದರೆ ಕ್ಷಯ, ಬಂತೆಂದರೆ ಒಂದು ಮನೆಯೇ ಖಾಲಿಯಾಗುತ್ತಿತ್ತು, ಡಾಕ್ಟರು ಇದ್ದದ್ದು ಬೆಟ್ಟದಾಚೆಯ ಪಟ್ಟಣದಲ್ಲಿ.

ಅದೇ ದಿನಗಳಲ್ಲಿ ಯಾನಾ ಸೀನತೊಡಗಿತು. ತೆಯೋಫಿಲಾಳ ಕಿವಿಗೆ ಬಿತ್ತು. ರೋಗ ಹಿಡಿದ ಗಿನಿಪಿಗ್‌ಗೆ ಅವಳ ಮನೆಯಲ್ಲಿ ಒಂದೇ ದಾರಿ. ಉಳಿದವಕ್ಕೆ ಅಂಟುವ ಮೊದಲು ಕತ್ತು ಮುರಿದು ಕಮರಿಗೆ ಎಸೆಯುವುದು.

"ಜವೆಗೋಧಿ ಹುಲ್ಲಿನ ಧೂಳು ಅತ್ತೆ," ಅಂದಳು ನೋಲ್ಬೆರ್ತಾ. "ಮೂಗಲ್ಲಿ ಬರೀ ನೀರು. ಸೊಪ್ಪು ಕಂಡ್ರೆ ಶಿಳ್ಳೆ ಹೊಡೀತದೆ."

ಅವತ್ತಿಗೆ ಅದು ನಿಜವೇ. ಧೂಳಿಗೆ ಸೀನುವ ಗಿನಿಪಿಗ್ ಸೀನಿ ಮುಗಿಸಿ ಮತ್ತೆ ತಿನ್ನುತ್ತದೆ, ಹುಲ್ಲು ಬದಲಿಸಿದರೆ ಸುಮ್ಮನಾಗುತ್ತದೆ. ಅವಳು ಹುಲ್ಲು ಬದಲಿಸಿದಳು. ಯಾನಾ ಸುಮ್ಮನಾಗಲಿಲ್ಲ. ಕೆಲವು ದಿನಗಳಲ್ಲಿ ಕಣ್ಣಿನ ಮೂಲೆಯಲ್ಲಿ ಬಿಳಿ ಪಿಸುರು ಗಟ್ಟಿಯಾಗತೊಡಗಿತು. ಕೂದಲು ನಿಮಿರಿಸಿಕೊಂಡು ಮೂಲೆಯಲ್ಲಿ ಮುದುಡಿ ಕೂರುತ್ತಿತ್ತು. ಪಕ್ಕೆಗೆ ಕಿವಿ ಇಟ್ಟರೆ ಒಳಗೆ ಒಣ ಎಲೆ ತುಳಿದ ಹಾಗೆ ಚರಚರ ಸದ್ದು. ನೋಲ್ಬೆರ್ತಾಗೆ ಗೊತ್ತಾಯಿತು. ಗೊತ್ತಾಗಿಯೂ ದಿನಾ ಅತ್ತೆ ಏಳುವ ಮೊದಲೇ ಒದ್ದೆ ಬಟ್ಟೆಯಿಂದ ಅದರ ಕಣ್ಣು ಮೂಗು ಒರೆಸಿ ಚೊಕ್ಕ ಮಾಡಿಡುತ್ತಿದ್ದಳು. ತಾಯಿ ಕೊಟ್ಟದ್ದನ್ನು ಕಮರಿಗೆ ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ, ಅಷ್ಟೇ.

ಕೆಮ್ಮು ನಿಲ್ಲದ್ದು ಕಂಡು ತೆಯೋಫಿಲಾ ಕಸಿಮಿರೊ ಅಜ್ಜನನ್ನು ಕರೆಸಿದಳು. ಅವನು ಗಿನಿಪಿಗ್‌ನಿಂದ ಮೈ ಉಜ್ಜಿ ರೋಗ ಓದುವವನು. ಜೀವಂತ ಗಿನಿಪಿಗ್ ಹಿಡಿದು ರೋಗಿಯ ತಲೆಯಿಂದ ಪಾದದವರೆಗೆ ಉಜ್ಜಿದರೆ ಮನುಷ್ಯರ ಒಳಗಿನದ್ದು ಅದರ ಒಳಕ್ಕೆ ಇಳಿಯುತ್ತದೆ. ಆಮೇಲೆ ಅದನ್ನು ಸೀಳಿ ನೋಡಿದರೆ ಯಾವ ಅಂಗ ಕೆಟ್ಟಿದೆಯೆಂದು ತಿಳಿಯುತ್ತದೆ. ನಾವೆಲ್ಲ ನಂಬುತ್ತೇವೆ, ನೋಲ್ಬೆರ್ತಾಳೂ ನಂಬಿದ್ದಳು. ಅದಕ್ಕೆ ಕಪ್ಪು ಪ್ರಾಣಿಯೇ ಆಗಬೇಕು, ಆರೋಗ್ಯವಾಗಿಯೂ ಇರಬೇಕು. ಆ ಮನೆಯಲ್ಲಿ ಕಪ್ಪಗಿದ್ದದ್ದು ಯಾನಾ ಒಂದೇ.

ಅಜ್ಜ ಅದನ್ನು ಕೈಗೆತ್ತಿಕೊಂಡು ಕೇಳಿದ: "ಇದು ಚೆನ್ನಾಗಿದೆಯೇನಮ್ಮಾ? ಸೀನ್ತಾ ಇದೆಯಲ್ಲ."

ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದಳು. ರೋಗ ಅಂದರೆ ಇಷ್ಟು ದಿನ ಮುಚ್ಚಿಟ್ಟದ್ದು ಬಯಲಾಗುತ್ತದೆ, ಯಾನಾ ಹೇಗೂ ಕಮರಿಗೆ ಹೋಗುತ್ತದೆ. ಧೂಳು ಅಂದರೆ ಅಜ್ಜನ ಕೈಯಲ್ಲಿ ಸಾಯುತ್ತದೆ. ಯಾವ ಕಡೆ ತಿರುಗಿದರೂ ಗೋಡೆ. ಸೀಳಿದಾಗ ಒಳಗೆ ಏನು ಕಾಣುತ್ತದೆ ಎಂಬ ಯೋಚನೆ ಆ ಗಳಿಗೆಯಲ್ಲಿ ಅವಳ ತಲೆಗೇ ಬರಲಿಲ್ಲ.

"ಧೂಳಿಗೆ ಅಜ್ಜ," ಅಂದಳು.

ಉಜ್ಜುತ್ತಿದ್ದಂತೆ ಯಾನಾ ಅವಳ ಎದೆಯ ಮೇಲೆಯೇ ಪ್ರಾಣ ಬಿಟ್ಟಿತು. ಅಜ್ಜ ಅದನ್ನು ಸೀಳಿ ನೀರಿನ ಬೋಗುಣಿಯಲ್ಲಿ ತೊಳೆದು ಬೆಳಕಿಗೆ ಹಿಡಿದ. ಶ್ವಾಸಕೋಶ ತಿಳಿಗೆಂಪಾಗಿರಬೇಕಿತ್ತು, ಪಿತ್ತಜನಕಾಂಗದ ಕಡುಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ನೋಲ್ಬೆರ್ತಾಳ ಎದೆಯೇ ಕೆಟ್ಟಿದೆ ಎಂದು ಎಲ್ಲರೂ ಓದಿಕೊಂಡರು. ತೆಯೋಫಿಲಾ ಎದ್ದು ಬಂದು ಕೂಸನ್ನು ತಾಯಿಯ ಪಕ್ಕದಿಂದ ಎತ್ತಿಕೊಂಡಳು.

ಅಂಗಳದಾಚೆಯ ಆಲೂಗಡ್ಡೆ ಕೋಣೆಗೆ ನೋಲ್ಬೆರ್ತಾಳ ಹಾಸಿಗೆ ಹೋಯಿತು. ತಟ್ಟೆ ಬೇರೆ, ಲೋಟ ಬೇರೆ. ಮೆಲಾನಿಯಾ ಅಜ್ಜಿಯ ಮಗ್ಗುಲಲ್ಲಿ ಮಲಗತೊಡಗಿದಳು. ನೋಲ್ಬೆರ್ತಾ ಅತ್ತು ಕರೆದು ನಿಜ ಹೇಳಿದಳು: ಅದು ನನ್ನ ಎದೆಯಲ್ಲ, ಯಾನಾಗೆ ಮೊದಲೇ ರೋಗವಿತ್ತು, ನಾನೇ ಮುಚ್ಚಿಟ್ಟೆ. ಫ್ಲೊರಿಯಾನೊ ತಾಯಿಯ ಮುಖ ನೋಡಿದ. ಅವನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು ಅದನ್ನೇ.

"ಆವತ್ತು ಧೂಳು ಅಂದೆ, ಇವತ್ತು ರೋಗ ಅಂತೀಯ," ಅಂದಳು ತೆಯೋಫಿಲಾ, ಸಿಟ್ಟಿಲ್ಲದೆ. "ರೋಗ ಆಗಿದ್ರೆ ಅದರ ಜೊತೆಗೇ ಇದ್ದ ಪೂಕಾಗೆ ಅಂಟ್ತಿರ್ಲಿಲ್ವಾ? ಅದಕ್ಕೆ ಅಂಟಿದ ದಿನ ನಂಬ್ತೀನಿ. ಅಲ್ಲೀವರೆಗೂ ಕೂಸು ನನ್ನ ಹತ್ರ ಇರ್ಲಿ."

ಪೂಕಾನನ್ನು ಪೆಟ್ಟಿಗೆ ಸಮೇತ ಆಲೂಗಡ್ಡೆ ಕೋಣೆಗೆ ತಂದಿಟ್ಟರು. ಅಂದಿನಿಂದ ನೋಲ್ಬೆರ್ತಾಳ ಬದುಕು ಒಂದು ಸಣ್ಣ ಪ್ರಾಣಿಯ ಮೂಗಿನ ಮೇಲೆ ನಿಂತಿತು. ಬೆಳಗಾದರೆ ಅದರ ಪಕ್ಕೆಗೆ ಕಿವಿ ಇಡುವಳು, ಆ ಚರಚರ ಸದ್ದು ಕೇಳಲಿ ಎಂದು. ಕಣ್ಣಿನ ಮೂಲೆ ತಡವುವಳು, ಪಿಸುರು ಕೈಗೆ ಹತ್ತಲಿ ಎಂದು. ತಾಯಿಯ ನೆನಪಿಗೆ ಉಳಿದದ್ದು ಅದೊಂದೇ, ಅದಕ್ಕೆ ಕೆಡುಕಾಗಲಿ ಎಂದು ದಿನಾ ಹಂಬಲಿಸಿ, ಹಂಬಲಿಸಿದ್ದಕ್ಕೆ ನಾಚಿ, ಅದಕ್ಕೇ ಮುತ್ತಿಡುವಳು. ಪೂಕಾ ಗುಂಡಗೆ ಮಿರಮಿರ ಮಿಂಚುತ್ತ ಸೊಪ್ಪಿಗೆ ಶಿಳ್ಳೆ ಹೊಡೆಯುತ್ತಿತ್ತು.

ಬಾಗಿಲ ಸಂದಿಯಿಂದ ಅಂಗಳ ಕಾಣುತ್ತಿತ್ತು. ಮೆಲಾನಿಯಾ ಮೊದಮೊದಲು ಆ ಬಾಗಿಲಿಗೆ ಓಡಿಬಂದು ತಟ್ಟುತ್ತಿದ್ದಳು, ಅಜ್ಜಿ ಎತ್ತಿಕೊಂಡು ಹೋಗುತ್ತಿದ್ದಳು. ಕ್ರಮೇಣ ತಟ್ಟುವುದು ಕಡಿಮೆಯಾಯಿತು. ನೋಲ್ಬೆರ್ತಾಗೆ ತನ್ನ ಕೆಮ್ಮು ಇಳಿಯುತ್ತ ಬಂದದ್ದರ ಮೇಲೆ ಗಮನವೇ ಇರಲಿಲ್ಲ. ಅವಳು ಕಿವಿಗೊಟ್ಟಿದ್ದು ಇನ್ನೊಂದು ಎದೆಗೆ.

ಬಿತ್ತನೆ ಗಡ್ಡೆ ಆರಿಸುವ ಕಾಲ ಬಂತು. ತೆಯೋಫಿಲಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಹೊಸ್ತಿಲ ಬಳಿ ಚೀಲ ಸುರಿದಳು. ಮಣ್ಣಿನ ಧೂಳು ಕೋಣೆ ತುಂಬ ಎದ್ದಿತು. ಪೂಕಾ ಸೀನಿತು. ಮತ್ತೆ ಮತ್ತೆ ಸೀನಿತು, ಮೂಗಿನಿಂದ ತಿಳಿನೀರು ಇಳಿಯಿತು.

ತೆಯೋಫಿಲಾಳ ಕೈ ನಿಂತಿತು. "ಏನದು? ಧೂಳಾ, ರೋಗಾನಾ?"

ಹೇಳಬೇಕಾದವಳು ನೋಲ್ಬೆರ್ತಾ. ಧೂಳು ಎಂದು ಕುರುಡರಿಗೂ ಕಾಣುವಂತಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಮೆಲಾನಿಯಾ ಬಿದ್ದು ಅತ್ತಳು. ಅತ್ತು ಕರೆದದ್ದು ಅಜ್ಜಿಯನ್ನು, "ಅಮ್ಮಾ" ಎಂದು.

"ರೋಗ," ಅಂದಳು ನೋಲ್ಬೆರ್ತಾ. "ನೋಡಿ ಅತ್ತೆ, ನಾನು ಹೇಳ್ಲಿಲ್ವಾ? ಯಾನಾದ್ದೇ ಅಂಟಿದೆ."

ತೆಯೋಫಿಲಾ ಕೂಸನ್ನು ಸಮಾಧಾನ ಮಾಡಿ ಬಂದಳು. ಪೂಕಾನನ್ನು ಎತ್ತಿಕೊಂಡಳು. ಕಮರಿಗೆ ಎಸೆಯುತ್ತಾಳೆ ಎಂದುಕೊಂಡಿದ್ದಳು ನೋಲ್ಬೆರ್ತಾ; ಅಷ್ಟಕ್ಕೆ ಎದೆ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಕೊಟ್ಟ ಮಾತಿಗೆ ತಪ್ಪದ ಹೆಂಗಸು ತೆಯೋಫಿಲಾ. ನಂಬುವ ಮೊದಲು ನೋಡಬೇಕಿತ್ತು. ಅಂಗಳದ ಬಿಸಿಲಲ್ಲೇ ಕತ್ತು ಮುರಿದು, ಸೀಳಿ, ಬೋಗುಣಿಯಲ್ಲಿ ತೊಳೆದು, ಅಂಗೈ ಮೇಲಿಟ್ಟುಕೊಂಡು ಆಲೂಗಡ್ಡೆ ಕೋಣೆಯ ಬಾಗಿಲಿಗೆ ತಂದಳು. ಹಸುಗೂಸಿನ ಅಂಗಾಲಿನ ಬಣ್ಣಕ್ಕಿತ್ತು ಶ್ವಾಸಕೋಶ, ಒಂದು ಚುಕ್ಕೆಯಿಲ್ಲದೆ.

"ಇದು ರೋಗಾನಾ?" ಎಂದು ಕೇಳಿದಳು.

ಅಲ್ಲಿಂದ ಮುಂದೆ ನೋಲ್ಬೆರ್ತಾ ಹೇಳಿದ ಯಾವ ಮಾತಿಗೂ ಆ ಮನೆಯಲ್ಲಿ ಬೆಲೆಯಿರಲಿಲ್ಲ.

ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಕೆಮ್ಮು ಪೂರ್ತಿ ಹೋಗಿತ್ತು. ಬೇರೆ ಮನೆಯ ಕಪ್ಪು ಗಿನಿಪಿಗ್ ತಂದು ಅಜ್ಜ ಮತ್ತೆ ಉಜ್ಜಿದ, ಒಳಗೆಲ್ಲ ಚೊಕ್ಕವಾಗಿತ್ತು. ಮೊದಲನೆಯದೇ ರೋಗವನ್ನು ಎಳೆದುಕೊಂಡಿತು ಎಂದು ಎಲ್ಲರೂ ಹೊಗಳಿದರು. ನೋಲ್ಬೆರ್ತಾಳನ್ನು ಮತ್ತೆ ಒಲೆಯ ಮುಂದೆ ಕೂರಿಸಿದರು. ಹಸಿ ಸೌದೆ ಹೊಗೆಯಾಡಿತು. ಅವಳು ಕೆಮ್ಮಿದಳು. ಇದು ಹೊಗೆ, ರೋಗವಲ್ಲ ಎಂದು ಆಗ ಹೊಳೆಯಿತು, ಹೇಳಿದರೆ ನಂಬುವವರಿರಲಿಲ್ಲ. ಪೆಟ್ಟಿಗೆಯಿದ್ದ ಜಾಗದ ಕಡೆ ಒಮ್ಮೆ ನೋಡಿ, ಯಾರೂ ಹೇಳುವ ಮೊದಲೇ ಹಾಸಿಗೆ ಸುತ್ತಿಕೊಂಡು ಆಲೂಗಡ್ಡೆ ಕೋಣೆಗೆ ನಡೆದಳು.

ಈಗಲೂ ಅಲ್ಲೇ ಇದ್ದಾಳೆ. ಅತ್ತೆ ಹೋದಳು, ಗಂಡ ಹೋದ. ಒಲೆ ಹೂಡಿದ್ದು ಕೋಣೆಯ ಹೊರಗೆ, ಬಯಲಲ್ಲಿ. ಕೆಮ್ಮು ಮತ್ತೆ ಬರಲಿಲ್ಲ.

ಮೊನ್ನೆ ಮೆಲಾನಿಯಾ ಬಂದಿದ್ದಳು. ಅವಳಿಗೂ ಈಗ ಮೊಮ್ಮಕ್ಕಳಿದ್ದಾರೆ. ಹೊದಿಕೆಯೊಳಗೆ ಸೀನುತ್ತಿದ್ದ ಮರಿಯೊಂದಿತ್ತು.

"ನೋಲ್ಬೆರ್ತಾ, ಇದನ್ನ ಸ್ವಲ್ಪ ನೋಡ್ತೀಯಾ?" ಅಂದಳು. ಅಮ್ಮ ಎನ್ನುವ ರೂಢಿ ಅವಳಿಗೆ ಆಗಲೇ ಇಲ್ಲ.

"ಒಳಗೆ ಬಾ, ಕೂತ್ಕೋ."

"ಇಲ್ಲೇ ಇರ್ತೀನಿ ಬಿಡು." ಹೊಸ್ತಿಲ ಆಚೆಯೇ ನಿಂತು ಮರಿಯನ್ನು ಕೈಚಾಚಿ ಕೊಟ್ಟಳು. ಆ ಹೊಸ್ತಿಲು ದಾಟಬಾರದು ಎಂದು ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು.

ನೋಲ್ಬೆರ್ತಾ ಮೂಗು ನೋಡಿದಳು, ಕಣ್ಣು ನೋಡಿದಳು, ಪಕ್ಕೆಗೆ ಕಿವಿ ಇಟ್ಟು ಬಹಳ ಹೊತ್ತು ಕೂತಳು. ಸೊಪ್ಪು ಇಟ್ಟರೆ ಮರಿ ಕಚಕಚ ತಿಂದಿತು.

"ಧೂಳು," ಅಂದಳು. "ಏನೂ ಆಗಿಲ್ಲ. ಬೇರೆ ಇಡ್ಬೇಡ, ತಾಯಿ ಮಗ್ಗುಲಲ್ಲೇ ಮಲಗ್ಲಿ."